ಹಾಫ್‌ಶೇಡ್ ಪೋಲಾರಿಮೀಟರ್ ಇನ್ನೂ ಬೇಕೇ? ಬೆಳಕಿನ ಧ್ರುವೀಕರಣವನ್ನು ಅಳೆಯುವ ಉಪಕರಣಗಳ ಕುರಿತು ಚರ್ಚೆ

ಸೋಡಿಯಂ_ದೀಪ:

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುತ್ತೇನೆ. ಸಕ್ಕರೆ ದ್ರಾವಣದ ವಿಶಿಷ್ಟ ಭ್ರಮಣವನ್ನು (ನಿಗದಿತ ಉದ್ದ ಮತ್ತು ಸಾರತೆಗೆ ಅದು ಧ್ರುವೀಕರಿಸಿದ ಬೆಳಕಿನ ಕಂಪನತಲವನ್ನು ಎಷ್ಟು ತಿರುಗಿಸುತ್ತದೆ ಎಂಬುದನ್ನು) ಕಂಡುಹಿಡಿಯುವ ಪ್ರಯೋಗ ನಮ್ಮ ಬಿಎಸ್‌ಸಿ ಲ್ಯಾಬಿನಲ್ಲಿ ಬಹಳ ಕಾಲದಿಂದ ನಡೆದುಕೊಂಡು ಬಂದಿದೆ. ಅದಕ್ಕೆ ಇರುವುದು ಲಾರೆಂಟ್ ಮಾದರಿಯ ಹಾಫ್‌ಶೇಡ್ ಪೋಲಾರಿಮೀಟರ್, ಒಂದು ಸೋಡಿಯಂ ದೀಪ, ಮತ್ತು ಗಾಳಿಗುಳ್ಳೆ ಬೆಳಕಿನ ದಾರಿಗೆ ಅಡ್ಡ ಬಾರದಿರಲೆಂದು ಉಬ್ಬು ಬಿಟ್ಟಿರುವ 20 ಸೆಂಟಿಮೀಟರ್ ಉದ್ದದ ಗಾಜಿನ ಕೊಳವೆ. ಈಗ ಉಪಕರಣ ಖರೀದಿಗೆ ಸ್ವಲ್ಪ ಹಣ ಬಂದಿದ್ದು, ಹಳೆಯದನ್ನು ಕಪಾಟಿಗೆ ಸೇರಿಸಿ ಡಿಜಿಟಲ್ ಪೋಲಾರಿಮೀಟರ್ ತರಿಸೋಣ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ಇದರ ಜೊತೆಗೆ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯೂ ಇದೆ. ಧ್ರುವೀಕಾರಕ (ಬೆಳಕನ್ನು ಒಂದೇ ತಲದಲ್ಲಿ ಕಂಪಿಸುವಂತೆ ಮಾಡುವ ಭಾಗ) ಮತ್ತು ವಿಶ್ಲೇಷಕ (ಆ ತಲವನ್ನು ಪತ್ತೆಮಾಡಲು ತಿರುಗಿಸುವ ಭಾಗ) ಪರಸ್ಪರ ಲಂಬವಾದಾಗ ಬೆಳಕು ಪೂರ್ತಿ ಆರುತ್ತದೆ ಎಂದಾದರೆ, ಆ ಕತ್ತಲೆಯ ಸ್ಥಾನವನ್ನೇ ಗುರುತಿಸಿಕೊಂಡರೆ ಸಾಲದೇ, ಕಣ್ಣಿಗೆ ಕಾಣುವ ವೃತ್ತವನ್ನು ಎರಡು ಭಾಗ ಮಾಡಿ ಅವೆರಡನ್ನೂ ಸಮವಾಗಿ ಮಬ್ಬಾಗಿಸುವ ಈ ಸರ್ಕಸ್ ಏಕೆ ಎಂಬುದು ಅವನ ಪ್ರಶ್ನೆ. ಪಠ್ಯಪುಸ್ತಕದ ಉತ್ತರವನ್ನು ನಾನು ಕೊಟ್ಟಿದ್ದೇನೆ, ಆದರೆ ಅದು ಅವನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಅನುಭವಿಗಳು ಎರಡೂ ವಿಷಯಗಳ ಬಗ್ಗೆ ಬರೆಯಬೇಕೆಂದು ಕೋರುತ್ತೇನೆ.

ಅರ್ಧಛಾಯೆ:

ವಿದ್ಯಾರ್ಥಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಖರೀದಿಯ ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ.

ಮಾಲಸ್ ನಿಯಮದ ಪ್ರಕಾರ ವಿಶ್ಲೇಷಕದ ಮೂಲಕ ಬರುವ ಬೆಳಕಿನ ತೀವ್ರತೆಯು ಎರಡು ಅಕ್ಷಗಳ ನಡುವಿನ ಕೋನದ ಕೊಸೈನಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಈ ವಕ್ರರೇಖೆಯನ್ನು ಬರೆದು ನೋಡಿದರೆ, ಕತ್ತಲೆಯ ಬಿಂದುವಿನ ಆಸುಪಾಸಿನಲ್ಲಿ ಅದು ಬಹುತೇಕ ಚಪ್ಪಟೆಯಾಗಿರುವುದು ತಿಳಿಯುತ್ತದೆ. ಲಂಬ ಸ್ಥಾನದಿಂದ 1° ಸರಿದರೂ ಹೊರಬರುವ ಬೆಳಕು ಗರಿಷ್ಠದ ಶೇ. 0.03ರಷ್ಟು ಮಾತ್ರ; 0.05° ಸರಿದರೆ ಅದು ಹತ್ತು ಲಕ್ಷದಲ್ಲಿ ಒಂದು ಪಾಲೂ ಆಗುವುದಿಲ್ಲ. ಹೀಗಾಗಿ "ಅತ್ಯಂತ ಕತ್ತಲೆ" ಎಂಬುದು ಕಣ್ಣಿನ ಪಾಲಿಗೆ ಒಂದು ಬಿಂದುವಲ್ಲ, ಸಾಕಷ್ಟು ಅಗಲವಾದ ಒಂದು ಪಟ್ಟಿ. ಆ ಪಟ್ಟಿಯ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ತೀರ್ಮಾನಿಸುತ್ತಾರೆ.

ಲಾರೆಂಟ್ ಮಾಡಿದ ಉಪಾಯವೆಂದರೆ ಕಣ್ಣಿನ ಕೆಲಸವನ್ನೇ ಬದಲಿಸಿದ್ದು. ವೃತ್ತಾಕಾರದ ಫಲಕದ ಅರ್ಧ ಭಾಗ ಕ್ವಾರ್ಟ್ಜ್, ಉಳಿದರ್ಧ ಅಷ್ಟೇ ಬೆಳಕನ್ನು ಹೀರುವ ದಪ್ಪದ ಗಾಜು. ದ್ಯುತಿ ಅಕ್ಷಕ್ಕೆ (ಹರಳಿನೊಳಗಿನ ಒಂದು ವಿಶೇಷ ದಿಕ್ಕಿಗೆ) ಸಮಾಂತರವಾಗಿ ಕತ್ತರಿಸಿದ ಆ ಕ್ವಾರ್ಟ್ಜ್ ಸೋಡಿಯಂ ಬೆಳಕಿಗೆ ಸರಿಯಾಗಿ ಅರ್ಧತರಂಗ ಫಲಕವಾಗಿರುತ್ತದೆ. ಒಳಗೆ ಬರುವ ಬೆಳಕಿನ ಕಂಪನತಲವು ಕ್ವಾರ್ಟ್ಜಿನ ಅಕ್ಷದಿಂದ, ಉದಾಹರಣೆಗೆ, 3° ಬಲಕ್ಕಿದ್ದರೆ, ಗಾಜಿನ ಭಾಗದಲ್ಲಿ ಅದು ಹಾಗೆಯೇ ಉಳಿಯುತ್ತದೆ, ಕ್ವಾರ್ಟ್ಜಿನ ಭಾಗದಲ್ಲಿ 3° ಎಡಕ್ಕೆ ಪ್ರತಿಫಲಿಸುತ್ತದೆ. ಈಗ ವಿಶ್ಲೇಷಕವು ಆ ಅಕ್ಷಕ್ಕೆ ಲಂಬವಾದಾಗ ಎರಡೂ ಭಾಗಗಳು ಸಮವಾಗಿ ಮಬ್ಬಾಗಿರುತ್ತವೆ. ಅಲ್ಲಿಂದ ಕೇವಲ 0.05° ಸರಿಸಿದರೂ ಒಂದು ಭಾಗ ಇನ್ನೊಂದಕ್ಕಿಂತ ಸುಮಾರು ಶೇ. 7ರಷ್ಟು ಹೆಚ್ಚು ಬೆಳಗುತ್ತದೆ. ಪಕ್ಕಪಕ್ಕದಲ್ಲಿರುವ ಎರಡು ಮಬ್ಬುಗಳ ನಡುವಿನ ಇಷ್ಟು ವ್ಯತ್ಯಾಸ ಮನುಷ್ಯನ ಕಣ್ಣಿಗೆ ಸುಲಭವಾಗಿ ಕಾಣುತ್ತದೆ. ತಕ್ಕಡಿಯ ಒಂದು ತಟ್ಟೆ ಎಷ್ಟು ಕೆಳಗಿಳಿಯಿತೆಂದು ನೋಡದೆ ಮುಳ್ಳು ನಡುವೆ ನಿಂತಿದೆಯೇ ಎಂದು ನೋಡುವ ಕ್ರಮವೇ ಇಲ್ಲಿಯೂ ಇರುವುದು.

ವಿಶ್ಲೇಷಕವನ್ನು 90° ತಿರುಗಿಸಿದರೆ ಎರಡೂ ಭಾಗಗಳು ಸಮವಾಗಿ ಪ್ರಕಾಶಮಾನವಾಗುವ ಇನ್ನೊಂದು ಸ್ಥಾನ ಸಿಗುತ್ತದೆ. ಬೆಳಕು ಹೆಚ್ಚಿದೆಯೆಂದು ವಿದ್ಯಾರ್ಥಿಗಳು ಅದನ್ನೇ ಆರಿಸಿಕೊಳ್ಳುವುದುಂಟು. ಅಲ್ಲಿ ಅದೇ 0.05° ಸರಿತಕ್ಕೆ ಎರಡು ಭಾಗಗಳ ನಡುವೆ ಬರುವ ವ್ಯತ್ಯಾಸ ಶೇ. 0.02ರಷ್ಟು ಮಾತ್ರ, ಎಂದರೆ ಏನೂ ಕಾಣುವುದಿಲ್ಲ. ನಿಮ್ಮ ಲ್ಯಾಬಿನಲ್ಲಿ ರೀಡಿಂಗುಗಳು ಒಬ್ಬರಿಂದೊಬ್ಬರಿಗೆ ಹೊಂದುತ್ತಿಲ್ಲವಾದರೆ ಮೊದಲು ಈ ವಿಷಯವನ್ನು ಪರಿಶೀಲಿಸಿರಿ.

ಸೋಡಿಯಂ_ದೀಪ:

ಸರ್, ಶೇ. 7 ಮತ್ತು ಶೇ. 0.02ರ ಈ ಹೋಲಿಕೆಯನ್ನು ನಾಳೆಯೇ ಬೋರ್ಡಿನ ಮೇಲೆ ಬರೆಯುತ್ತೇನೆ. ಹಾಗಾದರೆ ಡಿಜಿಟಲ್ ಯಂತ್ರದೊಳಗೆ ಕಣ್ಣೇ ಇಲ್ಲವಲ್ಲ. ಅದು ನೇರವಾಗಿ ಕತ್ತಲೆಯನ್ನೇ ಹುಡುಕುತ್ತದೆಯೇ?

ಅರ್ಧಛಾಯೆ:

ಇಲ್ಲ. ಅದೂ ಸಮತೆಯನ್ನೇ ಹುಡುಕುತ್ತದೆ. ಕಾಂತಕ್ಷೇತ್ರದಲ್ಲಿರುವ ಗಾಜಿನ ಮೂಲಕ ಹಾಯುವ ಬೆಳಕಿನ ಕಂಪನತಲ ತಿರುಗುತ್ತದೆ ಎಂಬುದನ್ನು ಫ್ಯಾರಡೆ 1845ರಲ್ಲಿ ಕಂಡುಕೊಂಡರು. ಸ್ವಯಂಚಾಲಿತ ಪೋಲಾರಿಮೀಟರುಗಳಲ್ಲಿ ಇಂತಹ ಗಾಜಿನ ಕಂಬಿಯೊಂದಕ್ಕೆ ತಂತಿ ಸುತ್ತಿ ಪರ್ಯಾಯ ವಿದ್ಯುತ್ ಹರಿಸುತ್ತಾರೆ. ಆಗ ಕಂಪನತಲವು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತೂಗುತ್ತಿರುತ್ತದೆ. ವಿಶ್ಲೇಷಕ ನಿಖರವಾಗಿ ಲಂಬವಾಗಿದ್ದರೆ ಎಡದ ತೂಗಿಗೂ ಬಲದ ತೂಗಿಗೂ ಬರುವ ಬೆಳಕು ಒಂದೇ ಆದ್ದರಿಂದ, ಶೋಧಕದ ಸಂಕೇತದಲ್ಲಿ ಮೂಲ ಆವರ್ತಾಂಕದ ಅಂಶ ಸೊನ್ನೆಯಾಗಿ ಅದರ ಎರಡರಷ್ಟು ಆವರ್ತಾಂಕದ ಅಂಶ ಮಾತ್ರ ಉಳಿಯುತ್ತದೆ. ಸ್ವಲ್ಪ ಸರಿದರೂ ಮೂಲ ಆವರ್ತಾಂಕ ತಲೆಯೆತ್ತುತ್ತದೆ. ಅದು ಮತ್ತೆ ಸೊನ್ನೆಯಾಗುವವರೆಗೆ ಮೋಟಾರು ವಿಶ್ಲೇಷಕವನ್ನು ತಿರುಗಿಸುತ್ತದೆ. ಲಾರೆಂಟ್ ಎರಡು ಭಾಗಗಳನ್ನು ಜಾಗದಲ್ಲಿ ಪಕ್ಕಪಕ್ಕ ಇಟ್ಟರೆ, ಇಲ್ಲಿ ಅವು ಕಾಲದಲ್ಲಿ ಒಂದರ ಹಿಂದೆ ಒಂದು ಬರುತ್ತವೆ, ಅಷ್ಟೇ. ಹಾಫ್‌ಶೇಡ್ ನೋಡದ ವಿದ್ಯಾರ್ಥಿಗೆ ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆ ಎಂಬುದು ಎಂದಿಗೂ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಹಳೆಯದನ್ನು ಉಳಿಸಿಕೊಳ್ಳಿ ಎನ್ನುತ್ತೇನೆ.

ಕಾಕಂಬಿ:

ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವನಾಗಿ ಇದಕ್ಕೆ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಕಾಲೇಜಿನಲ್ಲಿ ಕೋನವನ್ನು ಅಳೆದಲ್ಲಿಗೆ ಪ್ರಯೋಗ ಮುಗಿಯುತ್ತದೆ, ನಮ್ಮಲ್ಲಿ ಅಲ್ಲಿಂದ ತಲೆನೋವು ಶುರುವಾಗುತ್ತದೆ.

ನಾವು ಬಳಸುವ ಉಪಕರಣಕ್ಕೆ ಸ್ಯಾಕರಿಮೀಟರ್ ಎಂದು ಹೆಸರು. ಅದು ಡಿಗ್ರಿಯ ಬದಲು ಸಕ್ಕರೆಯ ಅಳತೆಪಟ್ಟಿಯಲ್ಲೇ ಉತ್ತರ ಕೊಡುತ್ತದೆ. 26 ಗ್ರಾಂ ಶುದ್ಧ ಸುಕ್ರೋಸನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರಿಗೆ ತಂದು, 20° ಸೆಲ್ಸಿಯಸ್‌ನಲ್ಲಿ 200 ಮಿಲಿಮೀಟರ್ ಕೊಳವೆಯಲ್ಲಿ ನೋಡಿದಾಗ ಬರುವ ಭ್ರಮಣವನ್ನು ಅಂತರರಾಷ್ಟ್ರೀಯ ಅಳತೆಪಟ್ಟಿಯಲ್ಲಿ 100 ಎಂದು ಒಪ್ಪಿಕೊಳ್ಳಲಾಗಿದೆ. ಸೋಡಿಯಂ ಬೆಳಕಿನಲ್ಲಿ ಅದು 34.626° ಆಗುತ್ತದೆ. ಆದ್ದರಿಂದ ಕಚ್ಚಾ ಸಕ್ಕರೆಯ ಮಾದರಿಯನ್ನು ಅದೇ 26 ಗ್ರಾಂ ತೂಗಿ ಇಟ್ಟರೆ ಪರದೆಯ ಮೇಲೆ ಬರುವ ಅಂಕಿಯೇ ನೇರವಾಗಿ ಶೇಕಡಾವಾರು "ಪೋಲ್".

ಆದರೆ ಪೋಲ್ ಎಂದರೆ ಸುಕ್ರೋಸ್ ಅಲ್ಲ, ತೋರಿಕೆಯ ಸುಕ್ರೋಸ್. ಕೊಳವೆಯೊಳಗಿನ ಯಾವ ಅಣು ಬೆಳಕನ್ನು ತಿರುಗಿಸಿತು ಎಂಬುದು ಪೋಲಾರಿಮೀಟರಿಗೆ ಗೊತ್ತಾಗುವುದಿಲ್ಲ, ಒಟ್ಟು ಮೊತ್ತ ಮಾತ್ರ ಗೊತ್ತಾಗುತ್ತದೆ. ಕಬ್ಬು ಕಡಿದ ನಂತರ ಬಿಸಿಲಿನಲ್ಲಿ ಬಿದ್ದಿದ್ದರೆ ಎರಡು ಬಗೆಯ ಕೇಡು ಒಟ್ಟಿಗೆ ನಡೆಯುತ್ತದೆ. ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಸುಕ್ರೋಸಿನ ವಿಶಿಷ್ಟ ಭ್ರಮಣ ಬಲಕ್ಕೆ 66.5°, ಗ್ಲೂಕೋಸಿನದು ಬಲಕ್ಕೆ 52.7°, ಫ್ರಕ್ಟೋಸಿನದು ಎಡಕ್ಕೆ ಸುಮಾರು 92° ಆದ್ದರಿಂದ, ಒಡೆದ ಮಿಶ್ರಣ ಒಟ್ಟಾರೆ ಎಡಕ್ಕೆ ತಿರುಗಿಸುತ್ತದೆ ಮತ್ತು ಪೋಲ್ ಇಳಿಯುತ್ತದೆ. ಇದೇ ಹೊತ್ತಿಗೆ ಲ್ಯೂಕನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಡೆಕ್ಸ್ಟ್ರಾನ್ ಎಂಬ ಅಂಟನ್ನು ಉಂಟುಮಾಡುತ್ತದೆ. ಡೆಕ್ಸ್ಟ್ರಾನ್ ಸುಕ್ರೋಸಿಗಿಂತ ಸುಮಾರು ಮೂರು ಪಟ್ಟು ಬಲವಾಗಿ ಬಲಕ್ಕೆ ತಿರುಗಿಸುವುದರಿಂದ ಅದು ಪೋಲನ್ನು ಸುಳ್ಳಾಗಿ ಏರಿಸುತ್ತದೆ. ಹಳಸಿದ ಕಬ್ಬಿನ ಹಾಲಿನಲ್ಲಿ ಈ ಎರಡೂ ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿ, ಉಪಕರಣ ಬಹಳ ಸಭ್ಯವಾದ ಅಂಕಿಯೊಂದನ್ನು ತೋರಿಸಬಹುದು. ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಅದು ಕೋನವನ್ನು ಸರಿಯಾಗಿಯೇ ಅಳೆದಿರುತ್ತದೆ.

ಇದಕ್ಕೆ ಹಳೆಯ ಪರಿಹಾರವೊಂದಿದೆ. ದ್ರಾವಣವನ್ನು ಒಮ್ಮೆ ಅಳೆದು, ಆಮ್ಲ ಹಾಕಿ ಸುಕ್ರೋಸನ್ನು ಪೂರ್ತಿ ಒಡೆದು ಮತ್ತೊಮ್ಮೆ ಅಳೆಯುವುದು. ಎರಡರ ವ್ಯತ್ಯಾಸಕ್ಕೆ ಮುಖ್ಯವಾಗಿ ಸುಕ್ರೋಸೇ ಕಾರಣವಾದ್ದರಿಂದ ಉಳಿದವು ಲೆಕ್ಕದಿಂದ ಕಳೆದುಹೋಗುತ್ತವೆ. ಕಾಲೇಜಿನವರು ಇದನ್ನು ಮಾಡಿ ನೋಡಬೇಕು: 100 ಮಿಲಿಲೀಟರಿನಲ್ಲಿ 10 ಗ್ರಾಂ ಸಕ್ಕರೆಯಿದ್ದರೆ 20 ಸೆಂಟಿಮೀಟರ್ ಕೊಳವೆಯಲ್ಲಿ ಬಲಕ್ಕೆ 13.3° ಬರುತ್ತದೆ, ಅದೇ ಸಕ್ಕರೆ ಪೂರ್ತಿ ಒಡೆದ ಮೇಲೆ, ಪರಿಮಾಣ ಬದಲಾಗದಿದ್ದರೆ, ಎಡಕ್ಕೆ 4°ಗಿಂತ ಸ್ವಲ್ಪ ಹೆಚ್ಚು ಬರುತ್ತದೆ.

ಬೆಲ್ಲದಗಾಣ:

ನಾನು ಕಬ್ಬು ಬೆಳೆಗಾರ. ಕಾಕಂಬಿಯವರನ್ನು ನೇರವಾಗಿಯೇ ಕೇಳುತ್ತೇನೆ. ಇಳುವರಿ ಕಡಿಮೆ ಬಂತು ಎಂದು ಹೇಳಿ ನಮ್ಮ ದರವನ್ನು ಕಾರ್ಖಾನೆಗಳು ಇಳಿಸುತ್ತವೆಯಲ್ಲ, ಅದು ಈ ಯಂತ್ರದ ಅಂಕಿಯಿಂದಲೇ ಆಗುವುದೇ? ಇದೇ ಯಂತ್ರವನ್ನು ರೈತ ಸಂಘದವರು ಇಟ್ಟುಕೊಂಡು ಪರೀಕ್ಷಿಸಲು ಸಾಧ್ಯವೇ?

ಕಾಕಂಬಿ:

ಅಣ್ಣಾ, ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಎಫ್‌ಆರ್‌ಪಿಗೆ (ಸರ್ಕಾರ ನಿಗದಿ ಮಾಡುವ ಕಬ್ಬಿನ ನ್ಯಾಯಯುತ ದರಕ್ಕೆ) ಆಧಾರವಾಗುವ ಇಳುವರಿ ಎಂದರೆ ಕಾರ್ಖಾನೆ ನುರಿಸಿದ ಒಟ್ಟು ಕಬ್ಬಿನಲ್ಲಿ ತಯಾರಾದ ಸಕ್ಕರೆಯ ಶೇಕಡಾವಾರು ಪಾಲು. 2022-23ರ ಹಂಗಾಮಿನಿಂದ ಮೂಲ ಇಳುವರಿಯನ್ನು ಶೇ. 10.25 ಎಂದು ನಿಗದಿ ಮಾಡಲಾಗಿದೆ. ಅದು ನಿಮ್ಮ ಗಾಡಿಯ ಕಬ್ಬಿನ ಪೋಲ್ ಅಲ್ಲ. ಪೋಲಾರಿಮೀಟರಿನ ಕೆಲಸ ಮುಖ್ಯವಾಗಿ ಒಳಗಿನದು. ಮಿಶ್ರ ರಸದಲ್ಲಿ ಎಷ್ಟು ಸಕ್ಕರೆ ಬಂತು, ಸಿಪ್ಪೆಯಲ್ಲಿ ಎಷ್ಟು ಉಳಿದುಹೋಯಿತು, ಪ್ರೆಸ್‌ಮಡ್ಡಿನಲ್ಲಿ (ರಸ ಸೋಸಿದಾಗ ಉಳಿಯುವ ಮಡ್ಡಿಯಲ್ಲಿ), ಕಾಕಂಬಿಯಲ್ಲಿ ಎಷ್ಟು ಸೋರಿತು ಎಂಬ ಲೆಕ್ಕ ಅದರಿಂದ ಸಿಗುತ್ತದೆ. ಈ ಸೋರಿಕೆಯ ಅಂಕಿಗಳೇ ಕಾರ್ಖಾನೆಯ ದಕ್ಷತೆಯನ್ನು ಹೇಳುವುದರಿಂದ, ಇಳುವರಿಯ ಬಗ್ಗೆ ಅನುಮಾನ ಇರುವವರು ನೋಡಬೇಕಾದ ಕಡತವೂ ಅದೇ.

ಹೊಲದಲ್ಲಿ ಪಕ್ವತೆ ನೋಡಲು ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರ್ ಸಾಕು. ಆದರೆ ಬ್ರಿಕ್ಸ್ ರಸದಲ್ಲಿ ಕರಗಿರುವ ಎಲ್ಲ ಪದಾರ್ಥಗಳ ಸೂಚಕವೇ ಹೊರತು ಸಕ್ಕರೆಯದೊಂದರದೇ ಅಲ್ಲ. ಪೋಲನ್ನು ಬ್ರಿಕ್ಸಿನಿಂದ ಭಾಗಿಸಿದಾಗ ಪ್ಯೂರಿಟಿ ಸಿಗುತ್ತದೆ, ಕಬ್ಬು ಕಡಿಯಲು ಬಂದಿದೆಯೇ ಎಂದು ನಿಜವಾಗಿ ಹೇಳುವುದು ಅದೇ. ಸಂಘದವರು ಪೋಲಾರಿಮೀಟರ್ ಇಟ್ಟುಕೊಳ್ಳಲು ಅಡ್ಡಿಯೇನಿಲ್ಲ. ಕಷ್ಟವಿರುವುದು ರಸವನ್ನು ತಿಳಿಮಾಡುವುದರಲ್ಲಿ. ಕಪ್ಪು ರಸದೊಳಗಿಂದ ಸೋಡಿಯಂ ಬೆಳಕು ಹಾಯುವುದಿಲ್ಲವಾದ್ದರಿಂದ ಬಹುಕಾಲ ಸೀಸದ ಅಸಿಟೇಟ್ ಹಾಕಿ ಸೋಸುತ್ತಿದ್ದರು. ಸೀಸ ವಿಷ; ಅದನ್ನು ಚರಂಡಿಗೆ ಬಿಡುವಂತಿಲ್ಲ. ಈಗ ಸುಮಾರು 880 ನ್ಯಾನೊಮೀಟರಿನ ಅವಕೆಂಪು ಬೆಳಕು ಬಳಸುವ ಪೋಲಾರಿಮೀಟರುಗಳು ಬಂದಿವೆ, ಬಣ್ಣದ ರಸವನ್ನು ಸೋಸಿದರೆ ಸಾಕು, ಸೀಸ ಬೇಕಿಲ್ಲ. ಆ ತರಂಗದೂರದಲ್ಲಿ ಭ್ರಮಣ ಸೋಡಿಯಂ ಬೆಳಕಿನ ಅರ್ಧಕ್ಕಿಂತಲೂ ಕಡಿಮೆಯಾಗುವುದರಿಂದ ಉಪಕರಣ ಅಷ್ಟು ಹೆಚ್ಚು ಸೂಕ್ಷ್ಮವಾಗಿರಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಬಲಮುರಿ:

ನಾನು ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ದಿನನಿತ್ಯ ಪೋಲಾರಿಮೀಟರ್ ಓಡುತ್ತದೆ, ಆದರೆ ನಮಗೆ ಬೇಕಾದದ್ದು ಸಾರತೆಯಲ್ಲ, ಅಣುವಿನ ಕೈ. ಒಂದೇ ರಚನೆಯ ಎಡ ಮತ್ತು ಬಲ ರೂಪಗಳು ಸಮಪ್ರಮಾಣದಲ್ಲಿ ಬೆರೆತಿದ್ದರೆ ಭ್ರಮಣ ಸೊನ್ನೆ. ಪಾಶ್ಚರ್ 1848ರಲ್ಲಿ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಚಿಮಟದಿಂದ ಎರಡು ಗುಂಪು ಮಾಡಿ, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ತಿರುಗಿಸುತ್ತದೆಂದು ತೋರಿಸಿದ್ದು ಇದೇ ಉಪಕರಣದ ನೆರವಿನಿಂದ. ಫಾರ್ಮಕೋಪಿಯಾದಲ್ಲಿ (ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥದಲ್ಲಿ) ವಿಶಿಷ್ಟ ಭ್ರಮಣದ ಮಿತಿಗಳನ್ನು ಕೊಟ್ಟಿರುವುದು ತಪ್ಪು ರೂಪ ಬೆರೆತಿಲ್ಲವೆಂದು ಖಚಿತಪಡಿಸಿಕೊಳ್ಳಲು. ನಮ್ಮ ಶ್ರೀಗಂಧದ ಎಣ್ಣೆಯೂ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಕಲಬೆರಕೆ ಪತ್ತೆಗೆ ನೋಡುವ ಲಕ್ಷಣಗಳಲ್ಲಿ ಅದೂ ಒಂದು.

ವಿದ್ಯಾರ್ಥಿಗಳಿಗೆ ತೋರಿಸಬೇಕಾದ ಸಂಗತಿ ಇನ್ನೊಂದಿದೆ. ಗ್ಲೂಕೋಸ್ ಪುಡಿಯನ್ನು ಆಗಷ್ಟೇ ಕರಗಿಸಿ ಕೊಳವೆಗೆ ತುಂಬಿ ನೋಡಿ. ಮೊದಲ ರೀಡಿಂಗ್ ಬರೆದುಕೊಂಡು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸಮವಾಗಿದ್ದ ಎರಡು ಭಾಗಗಳು ಕೆಟ್ಟಿರುತ್ತವೆ. ಮತ್ತೆ ಸರಿಪಡಿಸಿದರೆ ಮತ್ತೆ ಕೆಡುತ್ತವೆ. ಉಪಕರಣ ಸಡಿಲವಾಗಿದೆಯೆಂದು ತಿರುಪು ಬಿಗಿಮಾಡಲು ಹೋಗುವವರೇ ಹೆಚ್ಚು. ಹರಳಿನಲ್ಲಿದ್ದ ಆಲ್ಫಾ ರೂಪದ ವಿಶಿಷ್ಟ ಭ್ರಮಣ ಸುಮಾರು 112°. ನೀರಿನಲ್ಲಿ ಅದು ನಿಧಾನವಾಗಿ ಬೀಟಾ ರೂಪದೊಂದಿಗೆ ಸಮತೋಲಕ್ಕೆ ಬಂದು 52.7°ರಲ್ಲಿ ನಿಲ್ಲುತ್ತದೆ. ಒಂದು ಹನಿ ಅಮೋನಿಯಾ ಹಾಕಿದರೆ ಬೇಗ ನಿಲ್ಲುತ್ತದೆ. ರಾಸಾಯನಿಕ ಕ್ರಿಯೆಯೊಂದು ಕಣ್ಣೆದುರೇ ನಡೆಯುವುದನ್ನು ಹಾಫ್‌ಶೇಡ್ ವೃತ್ತದಲ್ಲಿ ನೋಡುವಂತೆ ಡಿಜಿಟಲ್ ಪರದೆಯ ಮೇಲೆ ನೋಡಲಾಗದು ಎಂಬುದನ್ನು ಡಿಜಿಟಲ್ ಯಂತ್ರವನ್ನೇ ನೆಚ್ಚಿಕೊಂಡಿರುವ ನಾನೂ ಒಪ್ಪುತ್ತೇನೆ.

ಸ್ಫಟಿಕ_ಶಿಲೆ:

ಚರ್ಚೆ ಚೆನ್ನಾಗಿ ನಡೆದಿದೆ, ಆದರೆ ಇಲ್ಲಿಯವರೆಗೆ ಎಲ್ಲರೂ ಮಾತಾಡಿರುವುದು ಕಂಪನತಲದ ತಿರುಗುವಿಕೆಯನ್ನು ಅಳೆಯುವ ಬಗ್ಗೆ. ಬರುತ್ತಿರುವ ಬೆಳಕಿನ ಧ್ರುವೀಕರಣವೇ ಏನೆಂದು ಗೊತ್ತಿಲ್ಲದಾಗ ಅದನ್ನು ಅಳೆಯುವುದು ಬೇರೆಯದೇ ಕೆಲಸ.

ಒಂದು ವಿಶ್ಲೇಷಕವನ್ನು ಸುತ್ತಲೂ ತಿರುಗಿಸಿದಾಗ ತೀವ್ರತೆ ಬದಲಾಗಲೇ ಇಲ್ಲ ಎಂದಿಟ್ಟುಕೊಳ್ಳಿ. ಆ ಬೆಳಕು ಧ್ರುವೀಕರಿಸದ ಸಾಮಾನ್ಯ ಬೆಳಕೂ ಆಗಿರಬಹುದು, ವೃತ್ತೀಯವಾಗಿ ಧ್ರುವೀಕರಿಸಿದ (ಕಂಪನದ ದಿಕ್ಕು ಸದಾ ಸುತ್ತುತ್ತಿರುವ) ಬೆಳಕೂ ಆಗಿರಬಹುದು. ವಿಶ್ಲೇಷಕವೊಂದರಿಂದಲೇ ಇವೆರಡನ್ನು ಬೇರ್ಪಡಿಸಲಾಗದು. ಮುಂದೆ ಒಂದು ಕಾಲುತರಂಗ ಫಲಕವನ್ನು ಇಟ್ಟರೆ ವೃತ್ತೀಯ ಬೆಳಕು ರೇಖೀಯವಾಗಿ ಬದಲಾಗಿ ವಿಶ್ಲೇಷಕಕ್ಕೆ ಸಿಕ್ಕಿಬೀಳುತ್ತದೆ. ಇದನ್ನೆಲ್ಲ ಒಂದು ಕ್ರಮಕ್ಕೆ ತಂದವರು ಸ್ಟೋಕ್ಸ್. ನಾಲ್ಕೇ ನಾಲ್ಕು ಸಂಖ್ಯೆಗಳಿಂದ ಯಾವುದೇ ಬೆಳಕಿನ ಧ್ರುವೀಕರಣವನ್ನು ಪೂರ್ತಿಯಾಗಿ ವಿವರಿಸಬಹುದೆಂದು ಅವರು 1852ರಲ್ಲಿ ತೋರಿಸಿದರು. ಆ ನಾಲ್ಕನ್ನೂ ತೀವ್ರತೆಯ ಅಳತೆಗಳಿಂದಲೇ ಪಡೆಯಬಹುದು ಎಂಬುದು ಅದರ ಸೊಗಸು. ತಿರುಗುವ ಕಾಲುತರಂಗ ಫಲಕ, ಅದರ ಹಿಂದೆ ಅಲುಗದ ವಿಶ್ಲೇಷಕ, ಅದರ ಹಿಂದೆ ಶೋಧಕ: ಇಂದಿನ ಅನೇಕ ಸ್ಟೋಕ್ಸ್ ಪೋಲಾರಿಮೀಟರುಗಳ ಒಳಗಿರುವುದು ಇಷ್ಟೇ.

ಇಲ್ಲಿ ತೊಡಕೊಂದು ಬರುತ್ತದೆ. ಒಂದು ಬಣ್ಣಕ್ಕೆ ಕಾಲುತರಂಗವಾಗುವ ಫಲಕ ಇನ್ನೊಂದು ಬಣ್ಣಕ್ಕೆ ಆಗುವುದಿಲ್ಲ. ಲಾರೆಂಟ್ ಉಪಕರಣಕ್ಕೆ ಸೋಡಿಯಂ ದೀಪವೇ ಬೇಕಾಗುವುದಕ್ಕೂ ಇಂತಹುದೇ ಕಾರಣ. ನಕ್ಷತ್ರದ ಬೆಳಕನ್ನು ಅಳೆಯುವವರು ಒಂದೇ ಬಣ್ಣಕ್ಕೆ ಅಂಟಿಕೊಂಡು ಕುಳಿತರೆ ಕೈಗೆ ಸಿಗುವ ಅಲ್ಪ ಬೆಳಕೂ ವ್ಯರ್ಥವಾಗುತ್ತದೆ. ಈ ತೊಡಕನ್ನು ಬಿಡಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ. ಒಂದೇ ಪದಾರ್ಥದ ಮೂರು ಫಲಕಗಳನ್ನು, ಮೊದಲನೆಯ ಮತ್ತು ಕೊನೆಯ ಫಲಕಗಳ ಅಕ್ಷಗಳನ್ನು ಸಮಾಂತರವಾಗಿಟ್ಟು ನಡುವಿನದನ್ನು ತಕ್ಕ ಕೋನದಲ್ಲಿ ತಿರುಗಿಸಿ ಜೋಡಿಸಿದರೆ, ಒಂದು ಫಲಕದ ದೋಷವನ್ನು ಇನ್ನೊಂದು ತೊಡೆದುಹಾಕಿ ಅಗಲವಾದ ವರ್ಣಪಟ್ಟಿಗೆ ಒಂದೇ ರೀತಿ ವರ್ತಿಸುತ್ತದೆ ಎಂದು ಅವರು 1955ರಲ್ಲಿ ಪ್ರಕಟಿಸಿದರು. ಆಗ ಅವರಿಗೆ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಮರುವರ್ಷ ಅವರು ಬರೆದ ಲೇಖನದಲ್ಲಿದ್ದ ಪ್ರಾವಸ್ಥೆಯ (ತರಂಗದ ಏರಿಳಿತದ ಹಂತದ) ಕಲ್ಪನೆ ಇಂದು ಪಂಚರತ್ನಂ ಪ್ರಾವಸ್ಥೆಯೆಂದೇ ಹೆಸರಾಗಿದೆ. ಅದು ಹೆಚ್ಚು ಪ್ರಸಿದ್ಧವಾದದ್ದು ನಿಜ, ಆದರೆ ಉಪಕರಣ ಕಟ್ಟುವವರ ದಿನನಿತ್ಯದ ಕೆಲಸಕ್ಕೆ ಒದಗುವುದು ಆ ಮೂರು ಫಲಕಗಳ ಜೋಡಣೆಯೇ ಎಂಬುದು ನನ್ನ ಅಭಿಪ್ರಾಯ. ಖಗೋಳ ಪೋಲಾರಿಮೀಟರುಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಇದೇ ಸಂಸ್ಥೆ ಕಟ್ಟಿದ ಪೋಲಿಕ್ಸ್ ಎಂಬ ಉಪಕರಣ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದೊಂದಿಗೆ ಮೇಲಕ್ಕೆ ಹೋಯಿತು. ಅದು ಅಳೆಯುವುದು ಕಣ್ಣಿಗೆ ಕಾಣುವ ಬೆಳಕನ್ನಲ್ಲ, ಕ್ಷಕಿರಣಗಳನ್ನು. ಕ್ಷಕಿರಣಕ್ಕೆ ಬೆಳಕನ್ನು ಧ್ರುವೀಕರಿಸುವ ಪೋಲರಾಯ್ಡ್ ಹಾಳೆಯಾಗಲಿ ನಿಕೋಲ್ ಪ್ರಿಸಮ್ ಆಗಲಿ ನಡೆಯುವುದಿಲ್ಲವಾದ್ದರಿಂದ, ಕಿರಣಗಳು ಚದುರಿ ಯಾವ ದಿಕ್ಕಿಗೆ ಹೆಚ್ಚು ಹೋದವು ಎಂಬುದನ್ನು ಸುತ್ತಲಿನ ಶೋಧಕಗಳಲ್ಲಿ ಎಣಿಸಿ ಧ್ರುವೀಕರಣವನ್ನು ತಿಳಿಯುತ್ತಾರೆ. ಅಲ್ಲಿಯೂ ಒಂದು ದಿಕ್ಕಿನ ಎಣಿಕೆಯನ್ನು ಇನ್ನೊಂದರ ಜೊತೆ ಹೋಲಿಸುವುದೇ ವಿಧಾನ.

ಬಲಮುರಿ:

ಸ್ಫಟಿಕ_ಶಿಲೆಯವರೇ, ಪದವಿ ವಿದ್ಯಾರ್ಥಿಗಳಿಗೆ ಸ್ಟೋಕ್ಸ್ ಅಳತೆ ಮಾಡಿಸುವುದು ದುಬಾರಿಯಲ್ಲವೇ?

ಸ್ಫಟಿಕ_ಶಿಲೆ:

ಕಾಲುತರಂಗದ ಪ್ಲಾಸ್ಟಿಕ್ ಹಾಳೆ, ಎರಡು ಪೋಲರಾಯ್ಡ್ ತುಂಡು, ಲೇಸರ್ ಪಾಯಿಂಟರ್ ಮತ್ತು ಫೋಟೊಡಯೋಡ್ ಇದ್ದರೆ ಸಾಕು. ಹಾಳೆ ಯಾವ ತರಂಗದೂರಕ್ಕೆ ತಯಾರಾಗಿದೆಯೋ ಆ ಬಣ್ಣದ ಲೇಸರನ್ನೇ ಆರಿಸಿಕೊಳ್ಳಬೇಕು. ಡಿಜಿಟಲ್ ಪೋಲಾರಿಮೀಟರಿನ ಬೆಲೆಯ ಒಂದು ಸಣ್ಣ ಭಾಗದಲ್ಲಿ ಇದು ಮುಗಿಯುತ್ತದೆ.

ಸೋಡಿಯಂ_ದೀಪ:

ಎಲ್ಲರಿಗೂ ಧನ್ಯವಾದಗಳು. ಹಾಫ್‌ಶೇಡನ್ನು ಉಳಿಸಿಕೊಂಡು, ಬಂದ ಹಣದಲ್ಲಿ ಸ್ಟೋಕ್ಸ್ ಅಳತೆಯ ಸಾಮಗ್ರಿಯನ್ನೂ, ಸ್ಕೇಲ್ ಪರೀಕ್ಷೆಗೆ ಒಂದು ಕ್ವಾರ್ಟ್ಜ್ ಫಲಕವನ್ನೂ ತರಿಸುವಂತೆ ಸಭೆಯಲ್ಲಿ ಹೇಳಲಿದ್ದೇನೆ. ಕಾರ್ಖಾನೆಗಳಲ್ಲಿ ಸ್ಯಾಕರಿಮೀಟರ್ ಪರೀಕ್ಷೆಗೆ ಬಳಸುವ ಆ ಫಲಕವನ್ನು ನಮ್ಮ ಹಳೆಯ ಉಪಕರಣದಲ್ಲಿಯೂ ಇಡಬಹುದೇ?

ಕಾಕಂಬಿ:

ಖಂಡಿತವಾಗಿ ಇಡಬಹುದು. ಸಕ್ಕರೆ ದ್ರಾವಣ ಎರಡು ದಿನ ಇಟ್ಟರೆ ಹುಳಿಯುತ್ತದೆ, ಕ್ವಾರ್ಟ್ಜ್ ಹಾಗೆಯೇ ಉಳಿಯುತ್ತದೆ. ಅದಕ್ಕೇ ನಾವು ಅದನ್ನು ನಂಬುವುದು.

ಅರ್ಧಛಾಯೆ:

ಇಡಬಹುದು, ಆದರೆ ಇದು ಲಾರೆಂಟ್ ಫಲಕದಂತೆ ಅಕ್ಷಕ್ಕೆ ಸಮಾಂತರವಾಗಿ ಕತ್ತರಿಸಿದ್ದಲ್ಲ, ಲಂಬವಾಗಿ ಕತ್ತರಿಸಿದ್ದು ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿರಿ. ಬೆಳಕು ದ್ಯುತಿ ಅಕ್ಷದ ಉದ್ದಕ್ಕೂ ಹಾಯ್ದಾಗ ಸೋಡಿಯಂ ಬೆಳಕಿನಲ್ಲಿ ಪ್ರತಿ ಮಿಲಿಮೀಟರಿಗೆ ಸುಮಾರು 21.7° ತಿರುಗುತ್ತದೆ. ಫಲಕ ವಾಲಿದ್ದರೆ ರೀಡಿಂಗ್ ಕೆಡುತ್ತದೆ. ಕ್ವಾರ್ಟ್ಜಿನಲ್ಲಿ ಬಲಕ್ಕೆ ತಿರುಗಿಸುವುದೂ ಇದೆ, ಎಡಕ್ಕೆ ತಿರುಗಿಸುವುದೂ ಇದೆ. ನಿಮಗೆ ಬಂದದ್ದು ಯಾವುದೆಂದು ಫಲಕದ ಚೌಕಟ್ಟಿನ ಮೇಲೆ ಬರೆದಿರುತ್ತಾರೆ. ಬರೆದಿಲ್ಲವಾದರೆ ಮೊದಲು ಸಕ್ಕರೆ ದ್ರಾವಣ ಇಟ್ಟು ವಿಶ್ಲೇಷಕ ಯಾವ ಕಡೆಗೆ ತಿರುಗಿತೆಂದು ಗುರುತು ಮಾಡಿಕೊಂಡು, ನಂತರ ಅದೇ ಸ್ಕೇಲಿನ ಮೇಲೆ ಫಲಕವನ್ನು ಪರೀಕ್ಷಿಸಿರಿ.